ಕಾಂಗ್ರೆಸ್ ಸಮಾಜವಾದಿ ಪಕ್ಷ (1934–1948)

ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನೊಳಗೇ ಹುಟ್ಟಿ ಬೆಳೆದು, ಕೊನೆಗೆ ಅಲ್ಲಿಂದ ಹೊರನಡೆದ ಸಮಾಜವಾದಿಗಳ ಸಂಘಟನೆ. ಕಾನೂನುಭಂಗ ಚಳವಳಿಯಲ್ಲಿ ಬಂಧಿತರಾಗಿ ನಾಸಿಕ್ ಜೈಲಿನಲ್ಲಿದ್ದ ಜಯಪ್ರಕಾಶ ನಾರಾಯಣ (ಜೆಪಿ), ಮೀನೂ ಮಸಾನಿ, ಅಚ್ಯುತ ಪಟವರ್ಧನ, ಅಶೋಕ ಮೆಹತಾ ಮೊದಲಾದವರ ಚರ್ಚೆಗಳಲ್ಲಿ ಇದು ಮೊಳೆಯಿತು. 1934ರ ಮೇ 17ರಂದು ಆಚಾರ್ಯ ನರೇಂದ್ರ ದೇವರ ಅಧ್ಯಕ್ಷತೆಯಲ್ಲಿ ಪಟ್ನಾದಲ್ಲಿ ಮೊದಲ ಸಮ್ಮೇಳನ ಸೇರಿತು. ಅದೇ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಪಕ್ಷ ವಿಧಿವತ್ತಾಗಿ ರೂಪುಗೊಂಡಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಇದರ ಮುಂಚೂಣಿಯ ನಾಯಕಿ.

ಕಾಂಗ್ರೆಸ್ಸಿಗರಲ್ಲದವರನ್ನು ಈ ಪಕ್ಷ ಸೇರಿಸಿಕೊಳ್ಳುತ್ತಿರಲಿಲ್ಲ. ಸ್ವಾತಂತ್ರ್ಯ ಹೋರಾಟವನ್ನು ಒಡೆಯದೆ ಕಾಂಗ್ರೆಸ್ಸನ್ನೇ ರೈತರ, ಕೂಲಿಕಾರರ ಕಡೆಗೆ ತಿರುಗಿಸಬೇಕೆಂಬುದು ಅದರ ಹಟ. ಗಾಂಧೀಜಿಗೆ ವರ್ಗಸಂಘರ್ಷದ ಮಾತು ಹಿಡಿಸಲಿಲ್ಲ. ನೆಹರೂಗೆ ಒಲವಿದ್ದರೂ ಅವರು ಸದಸ್ಯರಾಗಲಿಲ್ಲ. 1939ರ ತ್ರಿಪುರಿ ಅಧಿವೇಶನದಲ್ಲಿ ಗಾಂಧೀಜಿಯ ಇಚ್ಛೆಯಂತೆಯೇ ಕಾರ್ಯಕಾರಿ ಸಮಿತಿ ರಚಿಸಬೇಕೆಂದು ಕಾಂಗ್ರೆಸ್ ಅಧ್ಯಕ್ಷ ಸುಭಾಷಚಂದ್ರ ಬೋಸರ ಕೈಕಟ್ಟುವ ಪಂತ್ ನಿರ್ಣಯ ಬಂದಾಗ ಸಮಾಜವಾದಿಗಳು ಮತ ಹಾಕದೆ ತಟಸ್ಥರಾದರು. ಒಗ್ಗಟ್ಟು ಉಳಿಸಲು ಅವರು ತೆತ್ತ ದೊಡ್ಡ ಬೆಲೆಯಿದು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಹಿರಿಯ ನಾಯಕರೆಲ್ಲ ಸೆರೆಯಾದಾಗ ಭೂಗತ ಹೋರಾಟವನ್ನು ನಡೆಸಿದವರಲ್ಲಿ ರಾಮಮನೋಹರ ಲೋಹಿಯಾ, ಅರುಣಾ ಅಸಫ್ ಅಲಿ, ಹಜಾರಿಬಾಗ್ ಜೈಲಿನ ಗೋಡೆ ಹಾರಿ ಬಂದ ಜೆಪಿ ಪ್ರಮುಖರು.

ಕಾಂಗ್ರೆಸ್ಸಿನಿಂದ ಹೊರಹೋಗುವ ಪ್ರಶ್ನೆ ತೀವ್ರವಾದದ್ದು ಸ್ವಾತಂತ್ರ್ಯದ ಹೊಸ್ತಿಲಲ್ಲಿ. 1946ರಲ್ಲಿ ಸಮಾಜವಾದಿಗಳು ಸಂವಿಧಾನ ಸಭೆಯನ್ನು ಬಹಿಷ್ಕರಿಸಿದರು. ಆಸ್ತಿಯ ಹಕ್ಕಿನಂಥ ವಿಷಯಗಳು ತೀರ್ಮಾನವಾಗುತ್ತಿದ್ದ ಆ ಸಭೆಯಲ್ಲಿ ಅವರ ದನಿ ಇಲ್ಲದಂತಾದದ್ದು ಮುಂದಿನ ಚುನಾವಣಾ ಸೋಲಿಗಿಂತಲೂ ದೊಡ್ಡ ನಷ್ಟ. 1947ರ ಕಾನ್ಪುರ ಸಮ್ಮೇಳನದಲ್ಲಿ ಪಕ್ಷ ತನ್ನ ಹೆಸರಿನಿಂದ ‘ಕಾಂಗ್ರೆಸ್’ ಪದವನ್ನು ಕೈಬಿಟ್ಟಿತು. ಅದೇ ವರ್ಷ ನರೇಂದ್ರ ದೇವರನ್ನು ಕಾಂಗ್ರೆಸ್ ಅಧ್ಯಕ್ಷರನ್ನಾಗಿ ಮಾಡಬೇಕೆಂಬ ಗಾಂಧೀಜಿಯ ಸಲಹೆ ಕಾರ್ಯಕಾರಿ ಸಮಿತಿಯಲ್ಲಿ ನಿಲ್ಲಲಿಲ್ಲ. ಗಾಂಧೀಜಿಯ ಹತ್ಯೆಯಾದ ಮೇಲೆ, ತನ್ನೊಳಗೆ ಪ್ರತ್ಯೇಕ ನಿಯಮಾವಳಿಯುಳ್ಳ ಪಕ್ಷ ಇರಕೂಡದೆಂದು ಕಾಂಗ್ರೆಸ್ ನಿಯಮ ಮಾಡಿತು. 1948ರ ಮಾರ್ಚಿನಲ್ಲಿ ನಾಸಿಕ್ ಸಮ್ಮೇಳನ ಹೊರಬರುವ ನಿರ್ಧಾರ ಕೈಗೊಂಡಿತು.

ಒಡಕಿಗೆ ಕೊನೆಯವರೆಗೂ ಹಿಂಜರಿದಿದ್ದ ನರೇಂದ್ರ ದೇವರ ನಡೆ ಇಲ್ಲಿ ಗಮನಾರ್ಹ. ಕಾಂಗ್ರೆಸ್ ಟಿಕೆಟಿನಲ್ಲಿ ಗೆದ್ದ ಸ್ಥಾನದಲ್ಲಿ ಇನ್ನು ಕೂರುವುದು ನೈತಿಕವಲ್ಲವೆಂದು ಅವರೂ ಸಂಗಡಿಗರೂ ಸಂಯುಕ್ತ ಪ್ರಾಂತದ (ಮುಂದಿನ ಉತ್ತರ ಪ್ರದೇಶ) ಶಾಸನಸಭೆಗೆ ರಾಜೀನಾಮೆ ಕೊಟ್ಟರು. ಕಾನೂನು ಅದನ್ನು ಕೇಳಿರಲಿಲ್ಲ. ಪಕ್ಷಾಂತರ ನಿಷೇಧ ಕಾನೂನು ಬಂದದ್ದು 1985ರಲ್ಲಿ. ರಾಜೀನಾಮೆಯ ನಂತರ ಫೈಜಾಬಾದಿನಲ್ಲಿ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಬಾಬಾ ರಾಘವ ದಾಸ್ ಎದುರು ನರೇಂದ್ರ ದೇವರು ಸೋತರು.

ಮೊದಲ ಮಹಾಚುನಾವಣೆಯಲ್ಲಿ (1951–52) ಸಮಾಜವಾದಿ ಪಕ್ಷಕ್ಕೆ ಲೋಕಸಭೆಯ ಶೇ. 10.6ರಷ್ಟು ಮತ ಬಂದರೂ ದಕ್ಕಿದ್ದು 12 ಸ್ಥಾನ. ಶೇ. 3.3ರಷ್ಟು ಮತ ಪಡೆದ ಕಮ್ಯುನಿಸ್ಟರು 16 ಕಡೆ ಗೆದ್ದರು. ಎಲ್ಲೆಡೆ ತೆಳುವಾಗಿ ಹರಡಿಕೊಂಡ ಪಕ್ಷಕ್ಕೆ ನೆಲೆಯೂರಿದ ಕ್ಷೇತ್ರಗಳು ಕಡಿಮೆಯಿದ್ದವು. 1952ರಲ್ಲಿ ಅದು ಜೆ.ಬಿ. ಕೃಪಲಾನಿಯವರ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದೊಂದಿಗೆ ಸೇರಿ ಪ್ರಜಾ ಸಮಾಜವಾದಿ ಪಕ್ಷವಾಯಿತು. 1955ರಲ್ಲಿ ಲೋಹಿಯಾ ಬೇರೆಯಾದರು.

ನೆಲಮಟ್ಟದ ಚಳವಳಿ ಇದ್ದಲ್ಲಿ ಮಾತ್ರ ಫಲ ಬೇರೆಯಾಗಿತ್ತು. ಮೈಸೂರು ರಾಜ್ಯದ ಸಾಗರ ಬಳಿಯ ಕಾಗೋಡಿನಲ್ಲಿ ನಡೆದ 1951ರ ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತ ಲೋಹಿಯಾ ಬಂಧನಕ್ಕೊಳಗಾದರು. ಮರುವರ್ಷ ಸಾಗರ–ಹೊಸನಗರದಿಂದ ಶಾಂತವೇರಿ ಗೋಪಾಲಗೌಡರು ಸಮಾಜವಾದಿಯಾಗಿ ಮೈಸೂರು ವಿಧಾನಸಭೆ ಪ್ರವೇಶಿಸಿದರು. ಉಳುವವನಿಗೇ ಭೂಮಿ ಎಂಬ ಸಮಾಜವಾದಿಗಳ ಬೇಡಿಕೆ ಕರ್ನಾಟಕದಲ್ಲಿ 1974ರ ತಿದ್ದುಪಡಿಯ ಮೂಲಕ ಪರಿಣಾಮಕಾರಿ ಕಾನೂನಾದಾಗ ಅಧಿಕಾರದಲ್ಲಿದ್ದದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ.