ನ್ಯೂಯಾರ್ಕಿನ ಬ್ರೆಡ್ ಸಾಲುಗಳು

ನಮ್ಮ ಕಡೆ ಮದುವೆಮನೆಯಾಗಲಿ, ಮಠವಾಗಲಿ, ಉಣ್ಣುವವರು ಪಂಕ್ತಿಯಲ್ಲಿ ಕೂತಿರುತ್ತಾರೆ. ಬಡಿಸುವವರು ಬಕೆಟ್ಟು, ಸೌಟು ಹಿಡಿದು ಬಗ್ಗಿ ಬಗ್ಗಿ ಓಡಾಡುತ್ತಾರೆ. ನ್ಯೂಯಾರ್ಕಿನ ಸೂಪ್ ಕಿಚನ್‌ಗಳಲ್ಲಿ ಇದು ಸಾಮಾನ್ಯವಾಗಿ ಉಲ್ಟಾ. ಬಡಿಸುವವರು ಮೇಜಿನ ಹಿಂದೆ ನಿಂತಲ್ಲೇ ನಿಂತಿರುತ್ತಾರೆ, ಉಣ್ಣುವವರು ಟ್ರೇ ಹಿಡಿದು ಸಾಲಿನಲ್ಲಿ ಮುಂದೆ ಮುಂದೆ ಬರುತ್ತಾರೆ. ನಾನೂ ಇಲ್ಲಿ ಕೆಲವು ಶನಿವಾರ ಹಾಗೆ ಮೇಜಿನ ಹಿಂದೆ ನಿಲ್ಲುವುದುಂಟು. ಊರಿಗೆ ಫೋನ್ ಮಾಡಿದಾಗ ಹೇಳಿದರೆ "ಅಮೆರಿಕದಲ್ಲೂ ಊಟಕ್ಕಿಲ್ಲದವರು ಇದಾರಾ?" ಅಂತ ಕೇಳುತ್ತಾರೆ. ಇದ್ದಾರೆ, ಬಹಳ ಹಿಂದಿನಿಂದಲೂ ಇದ್ದಾರೆ. ಆ ಸಾಲಿನ ಚರಿತ್ರೆಯನ್ನು ಒಂದಿಷ್ಟು ಓದಿಕೊಂಡೆ. ಓದುತ್ತಾ ಹೋದಂತೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು: ಊಟ ಕೊಡುವವರು ಅದಕ್ಕೆ ಬದಲಾಗಿ ಏನು ಕೇಳುತ್ತಾರೆ? ಅದನ್ನೇ ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ.

"ಬ್ರೆಡ್ ಲೈನ್" ಎಂಬ ಮಾತು ಬಳಕೆಗೆ ಬಂದದ್ದೇ ಈ ಊರಿನ ಒಂದು ಬೇಕರಿಯಿಂದ ಎನ್ನುತ್ತಾರೆ. ಬ್ರಾಡ್‌ವೇ ಮತ್ತು ಹತ್ತನೇ ಬೀದಿ ಸೇರುವ ಮೂಲೆಯಲ್ಲಿ, ಗ್ರೇಸ್ ಚರ್ಚಿನ ಪಕ್ಕ, ಲೂಯಿಸ್ ಫ್ಲೈಷ್‌ಮನ್ ಎಂಬಾತ ವಿಯೆನ್ನಾ ಬೇಕರಿ ನಡೆಸುತ್ತಿದ್ದ. ಯೀಸ್ಟ್ ಮಾರಿ ಹೆಸರು ಮಾಡಿದ ಅದೇ ಫ್ಲೈಷ್‌ಮನ್ ಮನೆತನ. ತಾಜಾ ಬ್ರೆಡ್ಡೇ ಅವನ ಅಂಗಡಿಯ ಹೆಗ್ಗಳಿಕೆ, ಹಾಗಾಗಿ ದಿನದ ಕೊನೆಗೆ ಉಳಿದದ್ದನ್ನು ಮಾರನೇ ದಿನ ಮಾರುವ ಹಾಗಿರಲಿಲ್ಲ. ಅದನ್ನು ಅವನು ಮಧ್ಯರಾತ್ರಿ ಪಕ್ಕದ ಬಾಗಿಲಿನಿಂದ ಹಸಿದವರಿಗೆ ಕೊಡತೊಡಗಿದ. ಹೆಸರು ಕೇಳುತ್ತಿರಲಿಲ್ಲ, ಜಾತಿ ಧರ್ಮ ಕೇಳುತ್ತಿರಲಿಲ್ಲ, ಯಾಕೆ ಕೆಲಸವಿಲ್ಲ ಅಂತಲೂ ಕೇಳುತ್ತಿರಲಿಲ್ಲ. ಬಂದು ನಿಂತರೆ ಬ್ರೆಡ್ಡು ಸಿಗುತ್ತಿತ್ತು, ಅಷ್ಟೇ. 1904ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಆ ಸಾಲು ಊರಿಗೆಲ್ಲ ಗೊತ್ತಿತ್ತು.

ತಿಯೊಡೋರ್ ಡ್ರೈಸರ್ 1900ರಲ್ಲಿ ಬರೆದ "ಸಿಸ್ಟರ್ ಕ್ಯಾರಿ" ಕಾದಂಬರಿಯಲ್ಲಿ ಈ ಸಾಲು ಬರುತ್ತದೆ. ರಾತ್ರಿಗೆ ಸುಮಾರು ಮುನ್ನೂರು ಜನ ಎನ್ನುತ್ತಾನೆ ಅವನು. ಒಂದು ಕಾಲಕ್ಕೆ ಒಳ್ಳೆ ಬಟ್ಟೆ ತೊಟ್ಟು ದೊಡ್ಡ ಬಾರ್ ಒಂದರ ಮ್ಯಾನೇಜರ್ ಆಗಿದ್ದ ಹರ್ಸ್ಟ್‌ವುಡ್ ಕೊನೆಗೆ ಇಂಥ ಸಾಲುಗಳಲ್ಲಿ ನಿಲ್ಲುವ ಸ್ಥಿತಿಗೆ ಬರುತ್ತಾನೆ. ಫ್ಲೈಷ್‌ಮನ್ ಏನೂ ಕೇಳಲಿಲ್ಲ ಅಂದೆನಲ್ಲ, ಒಂದನ್ನು ಮಾತ್ರ ಕೇಳದೆಯೇ ಪಡೆಯುತ್ತಿದ್ದ. ಚಳಿಯಲ್ಲಿ, ಮಧ್ಯರಾತ್ರಿ, ಊರಿನ ಶ್ರೀಮಂತ ಬೀದಿಯಲ್ಲಿ ಎಲ್ಲರಿಗೂ ಕಾಣುವಂತೆ ನಿಲ್ಲಬೇಕಿತ್ತು. ಹಸಿವು ನಿಜವೇ ಅನ್ನುವುದಕ್ಕೆ ಆ ನಿಲ್ಲುವಿಕೆಯೇ ಸಾಕ್ಷಿ!

ಇಷ್ಟೂ ತಪ್ಪು ಎನ್ನುವವರು ಆಗಲೇ ಇದ್ದರು. 1882ರಲ್ಲಿ ಜೋಸೆಫಿನ್ ಶಾ ಲೋವೆಲ್ ಎಂಬಾಕೆ ನ್ಯೂಯಾರ್ಕಿನಲ್ಲಿ ಚಾರಿಟಿ ಆರ್ಗನೈಸೇಷನ್ ಸೊಸೈಟಿ ಕಟ್ಟಿದರು. ವಿಚಾರಿಸದೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ದಾನವೂ ವೈಜ್ಞಾನಿಕವಾಗಿರಬೇಕು ಎಂಬುದು ಆ ಸಂಸ್ಥೆಯ ವಾದ. ಮನೆಮನೆಗೆ ಹೋಗಿ ವಿಚಾರಿಸುವುದು, ಕಡತ ಇಡುವುದು, ಯಾರು ಅರ್ಹರು ಯಾರು ಅಲ್ಲ ಅಂತ ಬೇರ್ಪಡಿಸುವುದು ಅವರ ಕ್ರಮ. ಅವರದೇ ಒಂದು ಸೌದೆ ಅಂಗಳವಿತ್ತು. ಗಟ್ಟಿಮುಟ್ಟಾದ ಗಂಡಸು ಊಟ ಕೇಳಿಕೊಂಡು ಬಂದರೆ ಮೊದಲು ಅಲ್ಲಿ ಸೌದೆ ಒಡೆಯಬೇಕಿತ್ತು. ಲೋವೆಲ್ ಕೆಟ್ಟವರೇನಲ್ಲ, ಮುಂದೆ ಅಂಗಡಿಗಳಲ್ಲಿ ದುಡಿಯುವ ಹೆಂಗಸರ ಕೂಲಿಗಾಗಿ ಹೋರಾಡಿದವರು. ಆದರೂ ಅವರು ಕೊಟ್ಟ ಆ "ಅರ್ಹ ಬಡವ" ಎಂಬ ಲೆಕ್ಕಾಚಾರ ಇವತ್ತಿನ ಅರ್ಜಿ ಫಾರಂಗಳಲ್ಲೂ ಉಳಿದುಕೊಂಡಿದೆ ಅನ್ನಿಸುತ್ತದೆ.

ಇನ್ನೊಂದು ದಾರಿ ಮಿಷನ್‌ಗಳದ್ದು. 1879ರಲ್ಲಿ ಬೋವರಿ ಮಿಷನ್ ಶುರುವಾಯಿತು, 1880ರಲ್ಲಿ ಇಂಗ್ಲೆಂಡಿನಿಂದ ಸಾಲ್ವೇಷನ್ ಆರ್ಮಿ ಬಂತು. ಬೋವರಿ ಅಂದರೆ ಮ್ಯಾನ್‌ಹಟನ್ನಿನ ದಕ್ಷಿಣದ ಒಂದು ಬೀದಿ. ಕೆಲವು ಸೆಂಟ್ ಕೊಟ್ಟರೆ ರಾತ್ರಿ ಮಲಗಲು ಜಾಗ ಸಿಗುವ ಅಗ್ಗದ ವಸತಿಗಳು, ಹೆಂಡದಂಗಡಿಗಳು, ಕೆಲಸ ಕಳೆದುಕೊಂಡ ಒಂಟಿ ಗಂಡಸರು, ಎಲ್ಲ ಅಲ್ಲೇ. ಮಿಷನ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಪ್ರವಚನ, ಆಮೇಲೆ ಊಟ. ಸೌದೆಯ ಬದಲು ಇಲ್ಲಿ ಪ್ರಾರ್ಥನೆ. ಆದರೆ ಒಂದು ಮಾತು ಹೇಳಲೇಬೇಕು. ಬೇರೆ ಯಾರೂ ಮೂಸಿ ನೋಡದ ಜನರನ್ನು ಈ ಮಿಷನ್‌ಗಳೇ ಒಳಗೆ ಕರೆದವು, ಬೋವರಿ ಮಿಷನ್ ಒಂದೂವರೆ ಶತಮಾನದ ನಂತರ ಇವತ್ತಿಗೂ ಊಟ ಹಾಕುತ್ತಿದೆ.

ಇಷ್ಟು ದಿನ ಸಾಲಿನಲ್ಲಿ ಇದ್ದವರು ಬೋವರಿಯವರು. 1929ರ ಆರ್ಥಿಕ ಕುಸಿತದ ಮೇಲೆ ಗುಮಾಸ್ತರು, ಬಡಗಿಗಳು, ಸೇಲ್ಸ್‌ಮನ್‌ಗಳೂ ಬಂದು ನಿಂತರು. 1931ರ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ 82 ಬ್ರೆಡ್ ಸಾಲುಗಳಿದ್ದವು, ದಿನಕ್ಕೆ ಸುಮಾರು 85,000 ಊಟ ಕೊಡುತ್ತಿದ್ದವು. ಚರ್ಚುಗಳು, ಮಿಷನ್‌ಗಳು, ಪತ್ರಿಕೆಯವರು, ಕ್ಲಬ್ಬುಗಳು, ಯಾರ್ಯಾರೋ ನಡೆಸುತ್ತಿದ್ದರು. ಅದೇ ಕಾಲದಲ್ಲಿ ದೇಶದ ಕಣಜಗಳಲ್ಲಿ ಗೋಧಿ ಕೊಳೆಯುತ್ತಿತ್ತು. ಬೆಲೆ ಬಿದ್ದುಹೋಗಿದೆ ಎಂದು 1933ರಲ್ಲಿ ಸರ್ಕಾರವೇ ರೈತರಿಂದ ಕೊಂಡು ಸುಮಾರು 60 ಲಕ್ಷ ಹಂದಿಗಳನ್ನು ಕೊಲ್ಲಿಸಿತು. ಜನ ರೊಚ್ಚಿಗೆದ್ದ ಮೇಲೆ ಹೆಚ್ಚುವರಿ ಆಹಾರವನ್ನು ಬಡವರಿಗೆ ಹಂಚುವ ವ್ಯವಸ್ಥೆ ಬಂತು, 1939ರಲ್ಲಿ ಇದೇ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನಲ್ಲಿ ಮೊದಲ ಫುಡ್ ಸ್ಟಾಂಪ್ ಯೋಜನೆ ಶುರುವಾಯಿತು. ಹಸಿವಿಗೆ ಕಾರಣ ಆಹಾರದ ಕೊರತೆಯಲ್ಲ, ಕೈಯಲ್ಲಿ ಕಾಸಿಲ್ಲದಿರುವುದು ಎಂಬುದು ಆ ಹತ್ತು ವರ್ಷಗಳಲ್ಲಿ ಎಲ್ಲರ ಕಣ್ಣಿಗೂ ಕಂಡಿತು.

ಈಗ ನನಗೆ ಬಹಳ ಇಷ್ಟವಾದ ಹೆಂಗಸಿನ ವಿಷಯ. ಡೊರೊಥಿ ಡೇ. 1897ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿ, ಎಡಪಂಥದ ಪತ್ರಿಕೆಗಳಲ್ಲಿ ಕೆಲಸ ಮಾಡಿ, ಆಮೇಲೆ ಕ್ಯಾಥೊಲಿಕ್ ಆದವರು. 1933ರ ಮೇ 1ರಂದು ಪೀಟರ್ ಮೋರಿನ್ ಎಂಬ ಫ್ರೆಂಚ್ ಗೆಳೆಯನ ಜೊತೆ ಸೇರಿ "ಕ್ಯಾಥೊಲಿಕ್ ವರ್ಕರ್" ಎಂಬ ಪತ್ರಿಕೆ ಹೊರತಂದರು. ಮೊದಲ ಸಂಚಿಕೆ 2,500 ಪ್ರತಿ, ಬೆಲೆ ಒಂದು ಸೆಂಟ್. ಪತ್ರಿಕೆಯಲ್ಲಿ ಬಡವರನ್ನು ಮನೆಗೆ ಕರೆಯಿರಿ ಎಂದು ಬರೆದರೆ ಬಡವರು ಪತ್ರಿಕೆಯ ಕಚೇರಿಗೇ ಬಂದರು! ಹಾಗೆ ಹುಟ್ಟಿದ್ದು ಅವರ ಅತಿಥಿ ಮನೆಗಳು. ಮಾಟ್ ಬೀದಿಯ ಅವರ ಮನೆಯ ಮುಂದೆ ಬೆಳಗಿನ ಹೊತ್ತು ಕಾಫಿ ಮತ್ತು ಬ್ರೆಡ್ಡಿಗೆ ಸಾಲು ನಿಲ್ಲುತ್ತಿತ್ತು. ಬಂದವರನ್ನು ಅವರು ಅತಿಥಿಗಳು ಎಂದೇ ಕರೆದರು. ಪ್ರಾರ್ಥನೆ ಮಾಡಿ ಅನ್ನಲಿಲ್ಲ, ಸೌದೆ ಒಡೆಸಲಿಲ್ಲ, ಅರ್ಹತೆ ನೋಡಲಿಲ್ಲ. ಇನ್ನೂ ಮುಖ್ಯವಾದದ್ದು, ಬಡಿಸುವವರೂ ಅದೇ ಮನೆಯಲ್ಲಿದ್ದು ಅದೇ ಸೂಪು ಕುಡಿಯುತ್ತಿದ್ದರು. ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವಂತೆ ನೋಂದಾಯಿಸಿಕೊಳ್ಳಲೂ ಒಪ್ಪಲಿಲ್ಲ. ಕೊಡುವವರಿಗೆ ಅದರಿಂದ ಲಾಭ ಯಾಕಾಗಬೇಕು ಅನ್ನುವ ನಿಲುವು.

1956ರಲ್ಲಿ ಒಂದು ಘಟನೆ ನಡೆಯಿತು. ಅವರ ಮನೆಯಲ್ಲಿ ಬೆಂಕಿ ಸುರಕ್ಷತೆಯ ನಿಯಮ ಪಾಲಿಸಿಲ್ಲ ಅಂತ ಕೋರ್ಟು 250 ಡಾಲರ್ ದಂಡ ಹಾಕಿತು. ಕೋರ್ಟಿಗೆ ಹೊರಟ ಡೊರೊಥಿಯ ಕೈಗೆ ಮನೆ ಮುಂದೆ ನಿಂತಿದ್ದ ಕೊಳಕು ಬಟ್ಟೆಯ ಒಬ್ಬ ಮನುಷ್ಯ ಒಂದು ಕಾಗದ ತುರುಕಿ "ಎರಡೂವರೆ" ಎಂಬಂತೆ ಏನೋ ಹೇಳಿದ. ಪಾಪ, ಸಾಲಿಗೆ ಬಂದವನೊಬ್ಬ ಎರಡೂವರೆ ಡಾಲರ್ ಕೊಟ್ಟ ಅಂದುಕೊಂಡು ಆಕೆ ಹೊರಟರು. ದಾರಿಯಲ್ಲಿ ಬಿಡಿಸಿ ನೋಡಿದರೆ ಪೂರ್ತಿ 250 ಡಾಲರಿನ ಚೆಕ್ಕು, ಸಹಿ ಡಬ್ಲ್ಯು. ಎಚ್. ಆಡೆನ್! ಪ್ರಖ್ಯಾತ ಕವಿಯನ್ನೂ ಬೀದಿಯ ಬಡವನನ್ನೂ ನೋಡಿದೊಡನೆ ಬೇರೆ ಮಾಡಲು ಅವರಿಗೇ ಆಗಲಿಲ್ಲ. ಅಷ್ಟು ಅನುಭವವಿದ್ದವರಿಗೇ ಹೀಗಾದರೆ ಯಾರು ಅರ್ಹ ಎಂದು ಮುಖ ನೋಡಿ ಹೇಳುವವರ ಗತಿ ಏನು ಅನ್ನಿಸಿ ನಕ್ಕೆ. ಡೊರೊಥಿ 1980ರಲ್ಲಿ ತೀರಿಕೊಂಡರು. ಅವರ ಸಂತ ಜೋಸೆಫ್ ಮನೆ ಪೂರ್ವ ಒಂದನೇ ಬೀದಿಯಲ್ಲಿದೆ.

ಅವರು ತೀರಿಕೊಂಡ ಹೊತ್ತಿಗೇ ಸಾಲು ಮತ್ತೆ ಬೆಳೆಯತೊಡಗಿತ್ತು. ಕಾರಣಗಳು ಒಂದೆರಡಲ್ಲ. ಒಂಟಿ ಜನರಿಗೆ ಅಗ್ಗದ ಕೋಣೆ ಕೊಡುತ್ತಿದ್ದ ಹಳೇ ಹೋಟೆಲುಗಳನ್ನು 1970ರ ದಶಕದಲ್ಲಿ ಮಾಲೀಕರು ದುಬಾರಿ ಅಪಾರ್ಟ್‌ಮೆಂಟ್ ಮಾಡಿಕೊಂಡರು, ನಗರಾಡಳಿತ ಅದಕ್ಕೆ ತೆರಿಗೆ ರಿಯಾಯಿತಿಯನ್ನೂ ಕೊಟ್ಟಿತು. ಮಾನಸಿಕ ಆಸ್ಪತ್ರೆಗಳಿಂದ ರೋಗಿಗಳನ್ನು ಹೊರಗೆ ಕಳಿಸಿದರು, ಹೊರಗೆ ಅವರಿಗಾಗಿ ಮಾಡಬೇಕಿದ್ದ ವ್ಯವಸ್ಥೆ ಸಾಕಷ್ಟು ಆಗಲಿಲ್ಲ. 1981ರಲ್ಲಿ ರೇಗನ್ ಸರ್ಕಾರ ಫುಡ್ ಸ್ಟಾಂಪಿಗೆ ಕತ್ತರಿ ಹಾಕಿತು. ಅದರ ಜೊತೆಗೇ ಆರ್ಥಿಕ ಹಿಂಜರಿತ. 1979ರಲ್ಲಿ ರಾಬರ್ಟ್ ಹೇಯ್ಸ್ ಎಂಬ ಯುವ ವಕೀಲ, ಬೋವರಿಯ ಮನೆಯಿಲ್ಲದವರ ಪರವಾಗಿ ಮೊಕದ್ದಮೆ ಹೂಡಿದರು. ಮೊದಲ ಅರ್ಜಿದಾರ ರಾಬರ್ಟ್ ಕ್ಯಾಲಹನ್, ಹೋಟೆಲ್ ಅಡುಗೆ ಕೆಲಸ ಮಾಡಿಕೊಂಡಿದ್ದವನು. 1981ರ ಆಗಸ್ಟಿನಲ್ಲಿ ನಗರ ಒಪ್ಪಂದಕ್ಕೆ ಸಹಿ ಹಾಕಿತು: ಕೇಳಿಕೊಂಡು ಬಂದ ಮನೆಯಿಲ್ಲದ ಗಂಡಸಿಗೆ ರಾತ್ರಿ ಮಲಗಲು ಹಾಸಿಗೆ ಕೊಡಬೇಕು. ಮುಂದೆ ಹೆಂಗಸರಿಗೂ ಕುಟುಂಬಗಳಿಗೂ ಈ ಹಕ್ಕು ವಿಸ್ತರಿಸಿತು. ಆದರೆ ಸಹಿ ಬೀಳುವ ಮೊದಲೇ ಕ್ಯಾಲಹನ್ ಬೋವರಿಯ ಬೀದಿಯಲ್ಲಿ ಸತ್ತುಹೋಗಿದ್ದ. ಊರಿಗೆಲ್ಲ ಅಡುಗೆ ಮಾಡಿದವನಿಗೆ ಕೊನೆಗೆ ಒಂದು ಹಾಸಿಗೆ ಸಿಗಲಿಲ್ಲ.

ಸೂರಿಗೆ ಹೀಗೆ ಹಕ್ಕು ಬಂತು. ಊಟದ ಭಾರ ಮಾತ್ರ ಬಹುಪಾಲು ಚರ್ಚುಗಳ ಮೇಲೇ ಬಿತ್ತು. 1982ರ ಅಕ್ಟೋಬರಿನಲ್ಲಿ ಚೆಲ್ಸಿಯ ಹೋಲಿ ಅಪಾಸಲ್ಸ್ ಚರ್ಚು ಸೂಪ್ ಕಿಚನ್ ತೆರೆಯಿತು. ಮೊದಲ ದಿನ ಬಂದವರು ಸುಮಾರು 35 ಮಂದಿ, ಕೆಲವೇ ವರ್ಷಗಳಲ್ಲಿ ದಿನಕ್ಕೆ ಸಾವಿರದ ಆಸುಪಾಸಿಗೆ ಮುಟ್ಟಿತು. 1990ರಲ್ಲಿ ಬೆಂಕಿ ಬಿದ್ದು ಚರ್ಚಿನ ಛಾವಣಿ ಸುಟ್ಟುಹೋದರೂ ಊಟ ಒಂದು ದಿನವೂ ತಪ್ಪಲಿಲ್ಲ. ರಿಪೇರಿ ಮಾಡುವಾಗ ಉದ್ದುದ್ದ ಬೆಂಚುಗಳನ್ನು ಮತ್ತೆ ಹಾಕದೆ, ಪ್ರಾರ್ಥನೆ ನಡೆಯುವ ಅದೇ ಅಂಗಳದಲ್ಲೇ ಮೇಜು ಕುರ್ಚಿ ಹಾಕಿ ಬಂದವರನ್ನು ಕೂರಿಸಿ ಊಟ ಹಾಕತೊಡಗಿದರು. ನಮ್ಮಂಥ ಬರೆಯುವ ಹುಚ್ಚಿನವರಿಗೆ ಇನ್ನೊಂದು ವಿಷಯ: ಲೇಖಕ ಇಯಾನ್ ಫ್ರೇಜಿಯರ್ 1990ರ ದಶಕದಲ್ಲಿ ಅಲ್ಲಿ ಊಟಕ್ಕೆ ಬರುವವರಿಗಾಗಿ ಬರವಣಿಗೆಯ ಕಮ್ಮಟ ಶುರು ಮಾಡಿದರು. ಊಟವಾದ ಮೇಲೆ ಕೂತು ಬರೆಯುವುದು, ಓದುವುದು. ಅವರ ಬರಹಗಳು ಪುಸ್ತಕವಾಗಿಯೂ ಬಂದಿವೆ.

"ಫುಡ್ ಸ್ಟಾಂಪ್ ಇದೆಯಲ್ಲ, ಮತ್ಯಾಕೆ ಸೂಪ್ ಕಿಚನ್?" ಅಂತ ನನ್ನ ಆಫೀಸಿನವರೇ ಕೇಳಿದ್ದಾರೆ. ಉತ್ತರ ಬಹಳ ಸರಳ. ವಿಳಾಸವಿಲ್ಲದವರಿಗೂ ಆ ಸವಲತ್ತು ಸಿಗುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಅದರಲ್ಲಿ ಬಿಸಿ ಅಡುಗೆ ಕೊಳ್ಳುವಂತಿಲ್ಲ. ಅಕ್ಕಿ, ಬೇಳೆ, ಹಸಿ ಕೋಳಿ ಕೊಳ್ಳಬಹುದು. ಒಲೆಯೇ ಇಲ್ಲದವನು ಹಸಿ ಕೋಳಿ ತಗೊಂಡು ಏನು ಮಾಡಬೇಕು? ನಿಯಮ ಬರೆದವರ ಮನಸ್ಸಿನಲ್ಲಿ ಎಲ್ಲರಿಗೂ ಒಂದು ಅಡುಗೆಮನೆ ಇತ್ತು.

ಇಲ್ಲಿಗೆ ಬಂದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಜಾನೆಟ್ ಪೊಪೆಂಡೀಕ್ ಎಂಬ ಸಮಾಜಶಾಸ್ತ್ರಜ್ಞೆ 1998ರಲ್ಲಿ "ಸ್ವೀಟ್ ಚಾರಿಟಿ?" ಎಂಬ ಪುಸ್ತಕ ಬರೆದರು. ತುರ್ತು ಎಂದು ಶುರುವಾದ ಈ ಊಟದ ಸಾಲುಗಳು ಖಾಯಂ ಆಗಿಬಿಟ್ಟಿವೆ, ನಾವು ಬಡಿಸಿ ಸಮಾಧಾನಪಟ್ಟುಕೊಂಡಷ್ಟೂ ಸರ್ಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳುವುದು ಸುಲಭವಾಗುತ್ತದೆ ಎಂಬುದು ಅವರ ವಾದದ ತಿರುಳು. ಓದಿದಾಗ ಚುರುಕ್ ಅಂದಿತ್ತು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಇಲ್ಲಿ ವಾಲಂಟಿಯರುಗಳದ್ದೇ ನೂಕುನುಗ್ಗಲು, ಬಂದವರಿಗೆ ಕೆಲಸ ಹುಡುಕಿಕೊಡುವುದೇ ಕಷ್ಟ. ಫೆಬ್ರವರಿಯ ಚಳಿಯ ಒಂದು ಮಂಗಳವಾರ ಪಾತ್ರೆ ತೊಳೆಯಲು ಜನವಿರುವುದಿಲ್ಲ. ಹಸಿವು ಹಬ್ಬ ನೋಡಿಕೊಂಡು ಬರುತ್ತದೆಯೇ? ನಮಗೆ ಬೇಕಾದಾಗ ನಾವು ಹೋಗುತ್ತೇವೆ, ಅಷ್ಟೇ.

ಹಾಗಂತ ಸೌಟು ಕೆಳಗಿಡಿ ಎಂದು ಈ ಚರಿತ್ರೆ ಹೇಳುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ಕಾನೂನು ಬದಲಾಗುವವರೆಗೆ ಹೊಟ್ಟೆ ಕಾಯುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ಊರೇ ಬಾಗಿಲು ಹಾಕಿದಾಗ ಸೂಪ್ ಕಿಚನ್‌ಗಳು ಊಟವನ್ನು ಪೊಟ್ಟಣ ಕಟ್ಟಿ ಗೇಟಿನಲ್ಲಿ ಕೊಟ್ಟವು. ಕ್ವೀನ್ಸ್‌ನ ಗುರುದ್ವಾರದ ಅಡುಗೆಮನೆಯಲ್ಲಿ ಸಾವಿರಾರು ಊಟ ತಯಾರಾಗಿ ಹೊರಗೆ ಹೋಯಿತು. ಸಿಖ್ಖರ ಲಂಗರಿನಲ್ಲಿ ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಉಣ್ಣುವುದಕ್ಕೆ ಪಂಗತ್ ಎನ್ನುತ್ತಾರೆ, ನಮ್ಮ ಪಂಕ್ತಿಯ ಮಾತೇ ಅದು. ನಮ್ಮ ಎಷ್ಟೋ ಪಂಕ್ತಿಗಳಲ್ಲಿ ಜಾತಿ ನೋಡಿ ಬೇರೆ ಕೂರಿಸಿದ್ದುಂಟು, ಲಂಗರಿನಲ್ಲಿ ಆ ಪ್ರಶ್ನೆಯೇ ಇಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು. 2023ರಲ್ಲಿ ನಗರದ ಶೆಲ್ಟರುಗಳಲ್ಲಿ ರಾತ್ರಿ ಕಳೆಯುವವರ ಸಂಖ್ಯೆ ಒಂದು ಲಕ್ಷ ದಾಟಿತು. ಹೊಸದಾಗಿ ಬಂದ ವಲಸಿಗರು ಸೇರಿ ಅದರಲ್ಲಿ ಹೆಚ್ಚಿನವರು ಮಕ್ಕಳಿರುವ ಕುಟುಂಬಗಳವರು.

ಈ ನೂರೈವತ್ತು ವರ್ಷದಲ್ಲಿ ಸೌದೆ, ಪ್ರಾರ್ಥನೆ, ಕಡತ, ನಾಚಿಕೆ, ಎಲ್ಲವನ್ನೂ ಊಟಕ್ಕೆ ಬದಲಾಗಿ ಕೇಳಿದ್ದಾಯಿತು. ಈಗ ಬಹಳ ಕಡೆ ಅದ್ಯಾವುದನ್ನೂ ಕೇಳುವುದಿಲ್ಲ. ಆದರೆ ನಾವು ವಾಲಂಟಿಯರುಗಳು ನಮಗೇ ತಿಳಿಯದೆ ಒಂದನ್ನು ಕೇಳುತ್ತೇವೆ: ಕೃತಜ್ಞತೆ. ಟ್ರೇ ತಗೊಂಡವನು ಥ್ಯಾಂಕ್ಸ್ ಅನ್ನದೆ ಹೋದರೆ ಒಳಗೆಲ್ಲೋ ಮುಳ್ಳು ಚುಚ್ಚಿದಂತಾಗುತ್ತದೆ. ಹೊಸಬರು ನನ್ನ ಜೊತೆ ಬಂದಾಗ ನಾನು ಹೇಳುವುದು ಇಷ್ಟೇ. ಥ್ಯಾಂಕ್ಸ್ ನಿರೀಕ್ಷಿಸಬೇಡಿ, ಫೋಟೋ ತೆಗೆಯಬೇಡಿ, ಹಬ್ಬ ಬಿಟ್ಟು ಬೇರೆ ದಿನ ಬನ್ನಿ, ಮತ್ತು ಬಾಡಿಗೆಯ ವಿಷಯ, ಫುಡ್ ಸ್ಟಾಂಪಿನ ವಿಷಯ ನಗರ ಸಭೆಯಲ್ಲಿ ಚರ್ಚೆಗೆ ಬಂದಾಗ ಒಂದು ಪತ್ರ ಬರೆಯಿರಿ.

ಬೆಂಗಳೂರಿನಲ್ಲಿ 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಇಟ್ಟರು. ಪುಕ್ಕಟೆ ಕೊಡುವುದಕ್ಕಿಂತ ಹತ್ತು ರೂಪಾಯಿ ತಗೊಳ್ಳುವುದೇ ಮರ್ಯಾದೆ ಎಂದು ಕೆಲವರು, ಆ ಹತ್ತೂ ಇಲ್ಲದವನು ಏನು ಮಾಡಬೇಕು ಎಂದು ಕೆಲವರು. ಎರಡರಲ್ಲೂ ಹುರುಳಿದೆ. ನಿಮ್ಮ ಊರುಗಳಲ್ಲಿ ಮನೆಯಿಲ್ಲದವರಿಗೆ ಊಟ ಹಾಕುವ ಕೆಲಸ ಮಾಡಿದವರಿದ್ದರೆ, ಅಲ್ಲಿ ಉಣ್ಣುವವರು ಕೂತಿದ್ದರೋ ನಿಂತಿದ್ದರೋ, ಅವರಿಂದ ಏನು ಕೇಳುತ್ತಿದ್ದರು ಎಂಬುದನ್ನು ನೀವೂ ಬರೆಯಿರಿ. ಓದಲು ಕಾದಿರುತ್ತೇನೆ.