ಮುದಗಲ್ ಪ್ರಕರಣ

ದೆಹಲಿಯಲ್ಲಿ ಹೆಸರು ಮಾಡಿದ ಕನ್ನಡಿಗರ ಪಟ್ಟಿಯನ್ನು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ವರ್ಷವರ್ಷವೂ ಕೇಳುತ್ತೇವೆ. ಆ ಪಟ್ಟಿಯಲ್ಲಿ ಎಂದೂ ಬಾರದ ಒಂದು ಹೆಸರಿದೆ: ಹುಚ್ಚೇಶ್ವರ ಗುರುಸಿದ್ಧ ಮುದಗಲ್. ಯಾವ ಸೀಮೆಯವರೆಂದು ಧಾರವಾಡದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ಹುಟ್ಟಿದ ಇವರು ನ್ಯೂಯಾರ್ಕ್ ಸೇರಿ, ಅಲ್ಲಿನ ಹಾರ್ಲೆಮ್‌ನಲ್ಲಿ ಮಾರ್ಕಸ್ ಗಾರ್ವೆಯವರ ‘ನೀಗ್ರೋ ವರ್ಲ್ಡ್’ ಪತ್ರಿಕೆಗೆ 1930ರ ದಶಕದ ಆರಂಭದಲ್ಲಿ ಸಂಪಾದಕರಾಗಿದ್ದರು. ಕಪ್ಪು ಜನರ ಹಕ್ಕಿಗಾಗಿ ಲೇಖನಿ ಹಿಡಿದ ಈ ಕನ್ನಡಿಗರು ಸ್ವದೇಶಕ್ಕೆ ಮರಳಿ, ಸ್ವತಂತ್ರ ಭಾರತದ ಹಂಗಾಮಿ ಸಂಸತ್ತಿನಲ್ಲಿ ಸದಸ್ಯರಾದರು.

1951ರಲ್ಲಿ ಅವರ ಮೇಲೆ ದೂರು ಬಂತು. ಮುಂಬಯಿಯ ಚಿನ್ನ ಬೆಳ್ಳಿ ವರ್ತಕರ ಸಂಘದಿಂದ ಹಣ ಪಡೆದು, ಅವರ ಪರವಾಗಿ ಸಂಸತ್ತಿನಲ್ಲಿ ಪ್ರಶ್ನೆ ಕೇಳಿದರು, ಮಸೂದೆಗೆ ತಿದ್ದುಪಡಿ ಸೂಚಿಸಿದರು ಎಂಬುದು ಆರೋಪ. ಮೊತ್ತ ಕೆಲವೇ ಸಾವಿರದ್ದು. ಆಪಾದಿತರು ಆಡಳಿತ ಪಕ್ಷದವರೇ. ಆದರೂ ಪ್ರಧಾನಿ ನೆಹರೂ ಅವರೇ ಮುಂದಾಗಿ ಜೂನ್ 8ರಂದು ವಿಚಾರಣಾ ಸಮಿತಿಯನ್ನು ನೇಮಿಸಿಸಿದರು. ಟಿ. ಟಿ. ಕೃಷ್ಣಮಾಚಾರಿ ಅಧ್ಯಕ್ಷರು, ಕೆ. ಟಿ. ಷಾ, ದುರ್ಗಾಬಾಯಿ ಮೊದಲಾದವರು ಸದಸ್ಯರು. ಆರೋಪ ನಿಜವೆಂದು ಸಮಿತಿ ಕಂಡಿತು. ಸೆಪ್ಟೆಂಬರ್ 24ರಂದು ಉಚ್ಚಾಟನೆಯ ನಿರ್ಣಯ ಸದನದ ಮುಂದೆ ಬಂತು. ಮತಕ್ಕೆ ಹಾಕುವ ಮೊದಲೇ ಮುದಗಲ್ ರಾಜೀನಾಮೆ ಕೊಟ್ಟರು. ಸದನ ಅಷ್ಟಕ್ಕೆ ಬಿಡಲಿಲ್ಲ. ಇವರು ಉಚ್ಚಾಟನೆಗೆ ಅರ್ಹರಾಗಿದ್ದರೆಂದೂ, ರಾಜೀನಾಮೆ ಪತ್ರದ ಒಕ್ಕಣೆಯೇ ಸದನಕ್ಕೆ ಅವಮಾನವೆಂದೂ ನಿರ್ಣಯವನ್ನು ತಿದ್ದಿ ಅಂಗೀಕರಿಸಿತು. ಆದಿಯಿಂದ ಅಂತ್ಯದವರೆಗೆ ನಾಲ್ಕು ತಿಂಗಳೂ ಹಿಡಿಯಲಿಲ್ಲ! ನಮ್ಮ ಕಛೇರಿಗಳಲ್ಲಿ ಗುಮಾಸ್ತನೊಬ್ಬನ ಮೇಲಿನ ಇಲಾಖಾ ವಿಚಾರಣೆಯೂ ಇಷ್ಟು ಬೇಗ ಮುಗಿದದ್ದನ್ನು ನಾವು ಕಂಡಿಲ್ಲ.

ತೀರ್ಪು ಕೊಟ್ಟ ಕೃಷ್ಣಮಾಚಾರಿಯವರ ಕಥೆ ಇನ್ನೂ ಸ್ವಾರಸ್ಯವಾದುದು. ಮುಂದೆ ಅವರು ಅರ್ಥಮಂತ್ರಿಗಳಾದರು. 1957ರಲ್ಲಿ ಜೀವ ವಿಮಾ ನಿಗಮ ತನ್ನ ಹೂಡಿಕೆ ಸಮಿತಿಯನ್ನು ಮೊದಲು ಕೇಳದೆಯೇ ಹರಿದಾಸ ಮುಂದ್ರಾನ ಆರು ಕಂಪನಿಗಳ ಷೇರುಗಳಲ್ಲಿ ಸುಮಾರು 1.25 ಕೋಟಿ ರೂಪಾಯಿ ತೊಡಗಿಸಿತು. ಲೋಕಸಭೆಯಲ್ಲಿ ಇದನ್ನು ಬಯಲಿಗೆಳೆದವರು ನೆಹರೂ ಅವರ ಅಳಿಯ ಫಿರೋಜ್ ಗಾಂಧಿ, ಅದೂ ಆಡಳಿತ ಪಕ್ಷದ ಬೆಂಚಿನಿಂದ. ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. ಮಂತ್ರಿಗಳು ಬಾಯಿಮಾತಿನಲ್ಲಿ ಒಪ್ಪಿದ್ದರೆಂದು ಕಾರ್ಯದರ್ಶಿ ಎಚ್. ಎಂ. ಪಟೇಲ್, ಒಪ್ಪಿರಲಿಲ್ಲವೆಂದು ಮಂತ್ರಿಗಳು. ಫೈಲಿನಲ್ಲಿ ಟಿಪ್ಪಣಿ ಇಲ್ಲದೆ ಕೆಲಸ ನಡೆದರೆ ಏನಾಗುತ್ತದೆಂದು ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಯದರ್ಶಿ ಮಾಡಿದ್ದಕ್ಕೆ ಮಂತ್ರಿಯೇ ಹೊಣೆ ಎಂದರು ಛಾಗ್ಲಾ. 1958ರ ಫೆಬ್ರವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಆಮೇಲೆ ಈ ಚುರುಕು ಕ್ರಮೇಣ ತಗ್ಗಿತು. 1993ರ ಜುಲೈ 28ರಂದು ಅಲ್ಪಮತದ ಸರ್ಕಾರವೊಂದು ಅವಿಶ್ವಾಸ ನಿರ್ಣಯವನ್ನು 251ಕ್ಕೆ 265 ಮತಗಳಿಂದ ಸೋಲಿಸಿ ಉಳಿಯಿತು. ಝಾರ್ಖಂಡ್ ಮುಕ್ತಿ ಮೋರ್ಚಾದ ಸದಸ್ಯರು ಹಣ ಪಡೆದು ಮತ ಹಾಕಿದರೆಂಬ ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 1998ರಲ್ಲಿ ಐವರಲ್ಲಿ ಮೂವರು ನ್ಯಾಯಮೂರ್ತಿಗಳು, ಸಂವಿಧಾನದ 105ನೇ ವಿಧಿಯ ಮೇರೆಗೆ ಅಂಥವರನ್ನು ದಂಡಿಸಲಾಗದೆಂದರು. ಹಣ ಪಡೆದು ಮತ ಹಾಕಿದವನಿಗೆ ರಕ್ಷಣೆ, ಪಡೆದೂ ಮತ ಹಾಕದವನಿಗೆ ಇಲ್ಲ. ಅಂದರೆ ಲಂಚ ತಿಂದ ಮೇಲೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಅಷ್ಟೆ!

2010ರ ಚಳಿಗಾಲದ ಅಧಿವೇಶನವಂತೂ 2ಜಿ ಹಗರಣದ ತನಿಖೆಗೆ ಜಂಟಿ ಸಂಸದೀಯ ಸಮಿತಿ ಬೇಕೇ ಬೇಡವೇ ಎಂಬ ಜಗ್ಗಾಟದಲ್ಲೇ ಹೆಚ್ಚುಕಡಿಮೆ ಪೂರ್ತಿ ಹಾಳಾಯಿತು. ಸಮಿತಿ ರಚನೆಯಾದದ್ದು 2011ರಲ್ಲಿ. 1951ರಲ್ಲಿ ಸಮಿತಿಯನ್ನು ಕೇಳಿದವರು ಸ್ವತಃ ಪ್ರಧಾನಿ ಎಂಬುದನ್ನು ಓದುಗರು ನೆನೆಯಬೇಕು.

ಹಾಗೆಂದು ಮುದಗಲ್ ಪ್ರಕರಣ ಸತ್ತುಹೋಗಲಿಲ್ಲ. 2005ರ ಡಿಸೆಂಬರಿನಲ್ಲಿ, ಪ್ರಶ್ನೆ ಕೇಳಲು ಹಣ ಪಡೆಯುತ್ತಿದ್ದುದು ಟಿ. ವಿ. ಕ್ಯಾಮೆರಾದಲ್ಲಿ ಸಿಕ್ಕಿದಾಗ, ಹನ್ನೊಂದು ಸದಸ್ಯರನ್ನು ಹೊರಹಾಕಲು ಸಂಸತ್ತು ಹುಡುಕಿ ತೆಗೆದದ್ದು ಈ ಹಳೆಯ ಕಡತವನ್ನೇ. 1998ರ ತೀರ್ಪನ್ನು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್ 4ರಂದು ಒಮ್ಮತದಿಂದ ತಳ್ಳಿಹಾಕಿತು.

ನಮ್ಮ ಹುಬ್ಬಳ್ಳಿಯವರ ಹೆಸರು ಸಂಸತ್ತಿನ ದಾಖಲೆಯಲ್ಲಿ ಹೀಗೆ ಉಳಿಯಬಾರದಿತ್ತು ಎಂದು ನಮಗೂ ಅನ್ನಿಸುತ್ತದೆ. ಆದರೆ ಕೀರ್ತಿ ತಂದವರನ್ನು ‘ನಮ್ಮವರು’ ಎಂದು ಎಣಿಸುವ ನಾವು ಇವರನ್ನು ಮಾತ್ರ ಬಿಟ್ಟು ಲೆಕ್ಕ ಹಾಕುವುದು ಹೇಗೆ? ಇವರ ಹಾರ್ಲೆಮ್ ದಿನಗಳ ಬಗೆಗೆ ಮನೆಯ ಹಿರಿಯರಿಂದ ಕೇಳಿದ್ದು ಏನಾದರೂ ನೆನಪಿದ್ದರೆ, ಆ ಕಡೆಯ ಓದುಗರು ಪತ್ರಿಕೆಗೆ ಒಂದು ಕಾಗದ ಬರೆಯಬೇಕಾಗಿ ವಿನಂತಿ.