ಆಳು ಮತ್ತು ಆಳುವವ

ಕನ್ನಡದಲ್ಲಿ ‘ಆಳು’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ನಾಮಪದವಾದಾಗ ಇನ್ನೊಬ್ಬರಿಗೆ ದುಡಿಯುವವನು, ಕ್ರಿಯಾಪದವಾದಾಗ ಇನ್ನೊಬ್ಬರ ಮೇಲೆ ಅಧಿಕಾರ ನಡೆಸುವುದು. ನಿಘಂಟುಗಳು ಇವೆರಡನ್ನೂ ಬೇರೆ ಬೇರೆ ಪದಗಳಾಗಿ ಕೊಡುತ್ತವೆ. ಹಳಗನ್ನಡದಲ್ಲಿ ಮಾತ್ರ ಎರಡಕ್ಕೂ ‘ಆಳ್’ ಎಂಬ ಒಂದೇ ರೂಪ. ಬಾವಿಯ ‘ಆಳ’ ಇವುಗಳ ನೆಂಟನಲ್ಲ. ಅದರಲ್ಲಿದ್ದದ್ದು ೞಕಾರ, ಆ ಅಕ್ಷರ ಬಿದ್ದುಹೋಗಿ ಳಕಾರ ಬಂದ ಮೇಲೆ ಸದ್ದು ಒಂದಾಯಿತು.

ಹಾಸನ ಜಿಲ್ಲೆಯಲ್ಲಿ ಈ ಕ್ರಿಯಾಪದಕ್ಕೆ ಕಲ್ಲಿನ ಸಾಕ್ಷಿಯಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರ ಶಾಸನದಲ್ಲಿ ಕದಂಬ ಕಾಕುಸ್ಥನು ‘ಆಳೆ’, ಅಂದರೆ ಆಳುತ್ತಿರಲು, ಎಂಬ ಮಾತು ಬರುತ್ತದೆ. ಕಾದಿ ಗೆದ್ದ ವಿಜ ಅರಸನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಊರುಗಳನ್ನು ‘ಬಾಳ್ಗಳ್ಚು’, ಅಂದರೆ ಕತ್ತಿ ತೊಳೆದ ಉಡುಗೊರೆಯಾಗಿ, ಕೊಟ್ಟದ್ದು ಅದರ ವಿಷಯ. ಆಳುವವನ ಋಣವನ್ನು ಹೊಯ್ಸಳರ ಕಾಲದ ಲೆಂಕರು, ಅಂದರೆ ಒಡೆಯನಿಗೆ ಪ್ರಾಣ ಮುಡಿಪಿಟ್ಟ ಭಟರು, ಪ್ರಾಣದಿಂದಲೇ ತೀರಿಸಿದರು. ಇಮ್ಮಡಿ ಬಲ್ಲಾಳನ ದಂಡನಾಯಕ ಕುವರಲಕ್ಷ್ಮ ಒಡೆಯನ ಸಾವಿನೊಂದಿಗೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಗರುಡಗಂಬ ಹೇಳುತ್ತದೆ. ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರ ಕೆತ್ತನೆ ಅದರ ಮೇಲಿದೆ.

ದಂಡಿನಲ್ಲಿ ಕಾಲಾಳಾಗಿದ್ದ ಪದ ಹೊಲಕ್ಕಿಳಿದು ಹೆಣ್ಣಾಳು, ಗಂಡಾಳು, ಕೂಲಿಯಾಳು, ಸಂಬಳದಾಳು ಎಂದು ಕವಲೊಡೆಯಿತು. ಇಂದು ನಿಮ್ಮ ಗದ್ದೆಗೆ, ನಾಳೆ ನಮ್ಮ ಗದ್ದೆಗೆ ಎಂದು ದುಡಿಮೆಯನ್ನೇ ಸಾಲ ಕೊಟ್ಟು ತೀರಿಸಿಕೊಳ್ಳುವುದು ಮುಯ್ಯಾಳು. ಇಲ್ಲಿ ಧಣಿಯೂ ಇಲ್ಲ, ಕೂಲಿಯೂ ಇಲ್ಲ. ಆಳು ಅಳತೆಯೂ ಆಗುತ್ತದೆ: ‘ಆರಾಳಿನ ಕೆಲಸ’, ‘ಆಳೆತ್ತರದ ಗೋಡೆ’. ಈ ಕವಲುಗಳಲ್ಲಿ ಕ್ರೂರವಾದದ್ದು ಜೀತದಾಳು. ಸಾಲದ ಲೆಕ್ಕ ಧಣಿಯ ಕೈಯಲ್ಲಿದ್ದುದರಿಂದ ಎಷ್ಟು ದುಡಿದರೂ ಸಾಲ ತೀರುತ್ತಿರಲಿಲ್ಲ. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಜೀತವನ್ನೂ ಅದರ ಸಾಲವನ್ನೂ ಕಾನೂನಿನ ಮಟ್ಟಿಗೆ ಒಟ್ಟಿಗೇ ಅಳಿಸಿತು.

ಗಾದೆಗಳು ಆಳಿನ ಬಗ್ಗೆ ಒಂದೇ ಮಾತಾಡುವುದಿಲ್ಲ. ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎನ್ನುವುದು ಯಜಮಾನನ ಗುಮಾನಿ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎನ್ನುವುದು ಎರಡೂ ಪಾತ್ರಗಳನ್ನು ಒಬ್ಬನಿಗೇ ಒಪ್ಪಿಸುತ್ತದೆ.

ಧಣಿ ಮತ್ತು ಆಳಿನ ಹಟ ಬಿಗಿಯಾಗುವುದು ಮುಂದೂಡಲಾಗದ ಕೆಲಸದ ದಿನಗಳಲ್ಲಿ. ಅರಕಲಗೂಡಿನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಕಡ್ಡಿಗೆ ಕಟ್ಟಿ ಏರಿಸಿದ ಎಲೆ ಹದವಾಗಲು ಐದಾರು ದಿನ ಬೇಕು. ರಾತ್ರಿ ಬೆಂಕಿ ನೋಡುವವನು ನಿದ್ದೆ ಹೋದರೆ ಸೊಪ್ಪಿನ ಬಣ್ಣ ಕೆಟ್ಟು, ರಾಮನಾಥಪುರದ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಹೊಳೆನರಸೀಪುರದ ನಾಟಿಗೆ, ಹಾಸನದ ಆಲೂಗೆಡ್ಡೆ ಅಗೆತಕ್ಕೆ, ಚನ್ನರಾಯಪಟ್ಟಣದ ತೆಂಗಿನಕಾಯಿ ಕೀಳುವುದಕ್ಕೆ ಹೇಳಿದ ದಿನವೇ ಆಳು ಬರಬೇಕು. ಮುಂಗಡ ಕೊಟ್ಟು ಹಿಡಿದಿಟ್ಟೆನೆಂದುಕೊಂಡ ಯಜಮಾನನೇ ಆಗ ಆಳಿನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ.

ಈಗ ಎದುರಿಗೆ ಯಾರನ್ನೂ ಆಳು ಎನ್ನುವುದಿಲ್ಲ, ‘ಕೆಲಸದವರು’ ಎನ್ನುತ್ತಾರೆ. ಕಾಫಿ ತೋಟದಲ್ಲಿ ‘ಲೇಬರ್’. ಎಣಿಸುವಾಗ ಮಾತ್ರ ಹಳೆಯ ಪದವೇ ಬಾಯಿಗೆ ಬರುತ್ತದೆ: ನಾಳೆಗೆ ಹತ್ತಾಳು ಬೇಕು.